ಮನೆ ಮದುವೆಗೆ ನೀನೇ ಫೋಟೋ ತೆಗಿ ಅಂದ್ರೆ?

ಹಾಸ್ಟೆಲಲ್ಲಿ ಯಾರಾದ್ರೂ ಕ್ಯಾಮೆರಾ ತಗೊಂಡ ಸುದ್ದಿ ಊರಿಗೆ ಮುಟ್ಟಿದ್ರೆ ಸಾಕು, ಮನೆಯಿಂದ ಫೋನ್ ಬರುತ್ತೆ: "ಅಕ್ಕನ ಮದುವೆಗೆ ನೀನೇ ಫೋಟೋ ತೆಗಿ." ಮದುವೆ, ಉಪನಯನ, ನಾಮಕರಣ, ಗೃಹಪ್ರವೇಶ ಯಾವುದಕ್ಕೂ ರೀಟೇಕ್ ಇಲ್ಲ. ಸೆಮಿಸ್ಟರಲ್ಲಿ ಹೋದ ವಿಷಯವನ್ನಾದ್ರೂ ಮತ್ತೆ ಬರೀಬಹುದು, ಧಾರೆ ಎರೆಯುವ ಕ್ಷಣ ಮತ್ತೆ ಬರಲ್ಲ. ಹಾಗಾಗಿ ಕ್ಯಾಮೆರಾ ಕೊಳ್ಳುವಾಗ "ಎಷ್ಟು ಮೆಗಾಪಿಕ್ಸೆಲ್?" ಅಂತ ಕೇಳೋ ಮೊದಲು "ಆ ಜಾಗದಲ್ಲಿ ಬೆಳಕು ಎಷ್ಟಿರುತ್ತೆ?" ಅಂತ ಕೇಳ್ಕೋಬೇಕು.

ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯಲ್ಲಿ ಯಲ್ಲಾಪುರ ದಾಟಿ ಕರಾವಳಿಗೆ ಇಳಿಯೋ ದಾರಿಯಲ್ಲಿ ಅರಬೈಲ್ ಘಟ್ಟ ಸಿಗುತ್ತೆ. ಆ ಸೀಮೆಯ ಹಳೆಯ ತೋಟದ ಮನೆಗಳನ್ನು ನೆನಪಿಸಿಕೊಳ್ಳಿ. ತಗ್ಗಾಗಿ ಇಳಿದ ಹೆಂಚಿನ ಮಾಡು, ಸಣ್ಣ ಕಿಟಕಿ, ಹೊಗೆ ಹಿಡಿದು ಕಪ್ಪಾದ ಮರದ ತೊಲೆ. ಅಂಗಳದಲ್ಲಿ ಅಡಿಕೆ ಮರದ ಕಂಬ ನೆಟ್ಟು ಸೋಗೆ ಹೊದಿಸಿದ ಚಪ್ಪರ. ಚಪ್ಪರದ ಹೊರಗೆ ಸುಡು ಬಿಸಿಲು, ಜಗಲಿಯೊಳಗೆ ಅರೆಗತ್ತಲೆ, ನಡುವೆ ಹೋಮದ ಹೊಗೆ. ಕ್ಯಾಮೆರಾಕ್ಕೆ ಇದು ಕಠಿಣ ಪರೀಕ್ಷೆ.

ಈಗ ಲೆಕ್ಕಕ್ಕೆ ಬರೋಣ. ಕ್ಯಾಮೆರಾ ಜೊತೆ ಬರೋ 18-55 ಎಂಎಂ ಕಿಟ್ ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಅಪರ್ಚರ್ ಸಾಮಾನ್ಯವಾಗಿ ಎಫ್ 5.6. 50 ಎಂಎಂ ಪ್ರೈಮ್ ಲೆನ್ಸಿನಲ್ಲಿ ಎಫ್ 1.8 ಸಿಗುತ್ತೆ. ಒಳಬರುವ ಬೆಳಕು ಎಫ್ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರೋದ್ರಿಂದ, 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದ್ರೆ ಸುಮಾರು 9.7. ಅಂದ್ರೆ ಕಿಟ್ ಲೆನ್ಸಿಗೆ ಸೆಕೆಂಡಿನ 1/10 ಬೇಕಾದ ಕಡೆ ಪ್ರೈಮ್ ಲೆನ್ಸಿಗೆ ಸುಮಾರು 1/100 ಸಾಕು. 1/10ರಲ್ಲಿ ಅಕ್ಷತೆ ಹಾಕುವ ಕೈ ಮಸುಕು ಗೆರೆಯಾಗುತ್ತೆ, 1/100ರಲ್ಲಿ ಅದು ಕೈಯಾಗಿಯೇ ಕಾಣುತ್ತೆ. ಇನ್ನೊಂದು ಲಾಭವೂ ಇದೆ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಅಗ್ಗದ ಎಲ್ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇಟ್ಟರೆ ಫೋಟೋದಲ್ಲಿ ಪಟ್ಟೆ ಬೀಳೋದು ತಪ್ಪುತ್ತೆ.

ಎಫ್ 1.8ಕ್ಕೆ ಬೆಲೆಯೂ ತೆರಬೇಕು. ಎಪಿಎಸ್-ಸಿ ಸೆನ್ಸರಿನಲ್ಲಿ ಎರಡು ಮೀಟರ್ ದೂರದಿಂದ ತೆಗೆದ್ರೆ ಸ್ಪಷ್ಟವಾಗಿ ಬರೋ ಆಳ ಬರೀ ಅರ್ಧ ಗೇಣು. ವಧುವಿನ ಮುಖ ಚೆನ್ನಾಗಿ ಬಂದು, ಹಿಂದೆ ನಿಂತ ಅಮ್ಮನ ಕಣ್ಣೀರು ಮಸುಕಾಗಬಹುದು. ಇಬ್ಬರೂ ಬೇಕಾದ್ರೆ ಎಫ್ 4ಕ್ಕೆ ಹೋಗಿ ಐಎಸ್ಒ ಏರಿಸಿ. ಫೋಟೋದಲ್ಲಿ ಸ್ವಲ್ಪ ಕಾಳು ಕಂಡ್ರೂ ಅಮ್ಮ ಇರ್ತಾರೆ. ಜಗಲಿ ಇಕ್ಕಟ್ಟಾಗಿದ್ರೆ ಹಿಂದೆ ಸರಿಯೋಕೆ ಜಾಗ ಇರಲ್ಲ, ಅಲ್ಲಿ 50ಕ್ಕಿಂತ 35 ಎಂಎಂ ಅನುಕೂಲ.

ಫ್ಲ್ಯಾಶನ್ನು ಮಾಡಿಗೆ ತಿರುಗಿಸಿ ಹೊಡಿ ಅಂತ ಯೂಟ್ಯೂಬಲ್ಲಿ ಹೇಳ್ತಾರೆ. ಬಿಳಿ ಸೀಲಿಂಗ್ ಇರೋ ಕಲ್ಯಾಣ ಮಂಟಪದಲ್ಲಿ ಅದು ಸರಿ. ಕಪ್ಪು ತೊಲೆ ಬೆಳಕನ್ನು ನುಂಗಿಬಿಡುತ್ತೆ, ಬಣ್ಣದ ಶಾಮಿಯಾನ ಎಲ್ಲರ ಮುಖಕ್ಕೂ ತನ್ನ ಬಣ್ಣ ಬಳಿಯುತ್ತೆ. ಅದಕ್ಕಿಂತ ಚಪ್ಪರದ ತೆರೆದ ಬದಿಗೆ ನೀವು ಬೆನ್ನು ಹಾಕಿ ನಿಲ್ಲಿ. ಹೊರಗಿನ ಬೆಳಕು ಎದುರಿಗಿರೋರ ಮುಖಕ್ಕೆ ಮೆತ್ತಗೆ ಬೀಳುತ್ತೆ. ರಾ ಫೈಲಿನಲ್ಲಿ ತೆಗೆದ್ರೆ ಬಣ್ಣವನ್ನು ಆಮೇಲೆ ತಿದ್ದಬಹುದು. ಯಾವ ವಿಧಿ ಯಾವಾಗ, ಯಾರು ಎಲ್ಲಿ ಕೂರ್ತಾರೆ ಅಂತ ಹಿಂದಿನ ದಿನವೇ ಭಟ್ಟರನ್ನೋ ಮನೆಯ ಹಿರಿಯರನ್ನೋ ಕೇಳಿಟ್ಟುಕೊಳ್ಳಿ.

ಬಜೆಟ್ ಕಡಿಮೆ ಇದ್ರೆ ನಮ್ಮ ಸಲಹೆ ಇಷ್ಟು: ಬಾಡಿ ಹಳೇದಾಗಿರಲಿ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ, ಉಳಿದ ದುಡ್ಡು ಲೆನ್ಸಿಗೆ ಹಾಕಿ. ಮಿಕ್ಕಿದ್ದರಲ್ಲಿ ಎರಡನೇ ಬ್ಯಾಟರಿ, ಎರಡನೇ ಮೆಮೊರಿ ಕಾರ್ಡ್. ಮಲೆನಾಡಿನವರಾದ್ರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶ ಮಾಪಕವೂ ಬೇಕು. ಮಳೆಗಾಲದ ಥಂಡಿಗೆ ಲೆನ್ಸಿನೊಳಗೆ ಬೂಸಲು ಬೆಳೆಯುತ್ತೆ, ಡಬ್ಬಿಯೊಳಗಿನ ತೇವಾಂಶ ಶೇ. 40ರಿಂದ 50ರೊಳಗಿರಲಿ.

ಫೋಟೋ ತೆಗೆದಾದ ಮೇಲೂ ಒಂದು ಕೆಲಸ ಬಾಕಿ ಇರುತ್ತೆ. 2021ರ ಜುಲೈ ಮಳೆಗೆ ಅರಬೈಲ್ ಘಟ್ಟದಲ್ಲೂ ಯಲ್ಲಾಪುರ ತಾಲೂಕಿನ ಕಳಚೆಯಲ್ಲೂ ಗುಡ್ಡ ಕುಸಿಯಿತು. ಮನೆಗೇ ಅಪಾಯ ಬಂದಾಗ ಕಪಾಟಿನ ಆಲ್ಬಮ್ಮಾಗಲಿ ಹಾರ್ಡ್ ಡಿಸ್ಕಾಗಲಿ ಯಾರಿಗೆ ನೆನಪಾಗುತ್ತೆ? ಹಾಗಾಗಿ ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಹತ್ತಿರ, ಮತ್ತೊಂದು ಕ್ಲೌಡಿನಲ್ಲಿ ಇರಲಿ. ಎರಡು ಸಾವಿರ ಫೋಟೋದಲ್ಲಿ ಐವತ್ತು ಆರಿಸಿ ಪ್ರಿಂಟ್ ಹಾಕಿಸಿ. ಅಜ್ಜಿ ಲಿಂಕ್ ತೆರೆಯಲ್ಲ, ಆದ್ರೆ ಆಲ್ಬಮ್ ಕೊಟ್ಟರೆ ಕನ್ನಡಕ ಹುಡುಕ್ತಾರೆ.