‘ಮೂರು ತಿಂಗಳು ಯಾರಿಗೂ ಹೇಳಬೇಡ’: ಈ ಮಾತು ಎಷ್ಟು ಸರಿ?

ಯರಗುಪ್ಪಿ ಇರಲಿ, ಕುಂದಗೋಳ ತಾಲ್ಲೂಕಿನ ಬೇರೆ ಯಾವುದೇ ಊರಿರಲಿ, ಹೊಸದಾಗಿ ಬಸುರಾದ ಹೆಣ್ಣುಮಗಳಿಗೆ ಹಿರಿಯರು ಒಂದು ಮಾತು ಹೇಳುವುದುಂಟು: “ಮೂರು ತಿಂಗಳು ತುಂಬೂ ತನಕಾ ಯಾರ ಮುಂದೂ ಹೇಳಬ್ಯಾಡವ್ವಾ, ಕಣ್ಣು ಬೀಳತಾವ.” ಆಶಾ ಕಾರ್ಯಕರ್ತೆ ಹೇಳುವುದು ಇದಕ್ಕೆ ತದ್ವಿರುದ್ಧ. ಮುಟ್ಟು ನಿಂತ ಕೂಡಲೇ ತಿಳಿಸಿ, 12 ವಾರದೊಳಗೆ ಹೆಸರು ನೋಂದಾಯಿಸಿ ಎನ್ನುತ್ತಾರೆ. ಇಬ್ಬರೂ ತಾಯಿ-ಮಗುವಿನ ಒಳ್ಳೆಯದಕ್ಕೇ ಹೇಳುತ್ತಾರೆ. ಹಾಗಾದರೆ ಯಾರ ಮಾತು ಕೇಳಬೇಕು?

ಈ ನಂಬಿಕೆಯಲ್ಲಿ ನಿಜ ಎಷ್ಟು?

ಗೊತ್ತಾದ ಗರ್ಭಗಳಲ್ಲಿ 100ಕ್ಕೆ ಸುಮಾರು 10ರಿಂದ 15 ತಾನಾಗಿಯೇ ಇಳಿದುಹೋಗುತ್ತವೆ. ಇವುಗಳಲ್ಲಿ ಹೆಚ್ಚಿನವು ಮೊದಲ 12 ವಾರಗಳಲ್ಲೇ ಆಗುತ್ತವೆ. ಎಲ್ಲರಿಗೂ ಹೇಳಿದ ಮೇಲೆ ಹೀಗಾದರೆ ಮತ್ತೆ ಎಲ್ಲರಿಗೂ ಉತ್ತರ ಕೊಡಬೇಕಲ್ಲ ಎಂಬ ಸಂಕಟದಿಂದಲೇ ಈ ಮಾತು ಬಂದಿರಬಹುದು. ಆ ಮಟ್ಟಿಗೆ ಅದರಲ್ಲಿ ಅನುಭವವಿದೆ.

ತಪ್ಪಿರುವುದು ಕಾರಣದಲ್ಲಿ. ಆರಂಭದ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ಏರುಪೇರು ಕಾರಣ. ಅದು ಗರ್ಭ ಕಟ್ಟುವ ಹೊತ್ತಿಗೇ ನಿರ್ಧಾರವಾಗಿರುತ್ತದೆ. ಯಾರದೋ ಕಣ್ಣು ಬಿದ್ದದ್ದರಿಂದ, ಗ್ರಹಣದ ದಿನ ಹೊರಗೆ ಬಂದದ್ದರಿಂದ, ಎರಡು ಹೋಳು ಹಣ್ಣಾದ ಪಪ್ಪಾಯಿ ತಿಂದದ್ದರಿಂದ ಗರ್ಭ ಇಳಿಯುವುದಿಲ್ಲ. ಆದ್ದರಿಂದ “ನೀ ಹಿಂಗ್ ಮಾಡಿದಿ, ಅದಕ್ಕ ಹೋತು” ಎಂದು ಸೊಸೆಯನ್ನು ದೂರುವುದಕ್ಕೆ ವಿಜ್ಞಾನದ ಆಧಾರವಿಲ್ಲ.

ಮಗುವಿನ ಬೆನ್ನುಹುರಿ ಮೂರು ತಿಂಗಳು ಕಾಯುವುದಿಲ್ಲ

ಮಗುವಿನ ಮೆದುಳು ಮತ್ತು ಬೆನ್ನುಹುರಿ ಮೊದಲು ಒಂದು ಚಪ್ಪಟೆ ಪದರದಂತೆ ಇರುತ್ತವೆ. ಆ ಪದರ ಮಡಚಿಕೊಂಡು ಕೊಳವೆಯಾಗುತ್ತದೆ. ಇದೇ ನರಕೊಳವೆ. ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲಿ ಇದು ಪೂರ್ತಿ ಮುಚ್ಚಿಕೊಳ್ಳಬೇಕು. ವೈದ್ಯರು ಎಣಿಸುವಂತೆ ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿದರೆ ಅದು ಆರನೆಯ ವಾರ. ಅಂದರೆ ಮುಟ್ಟಿನ ತಾರೀಖು ದಾಟಿ ಎರಡೇ ವಾರ. ಎಷ್ಟೋ ಹೆಣ್ಣುಮಕ್ಕಳಿಗೆ ಅಷ್ಟರಲ್ಲಿ ತಾವು ಬಸುರಿ ಎನ್ನುವುದೇ ಗೊತ್ತಾಗಿರುವುದಿಲ್ಲ.

ಕೊಳವೆ ಕೆಳಗಡೆ ತೆರೆದೇ ಉಳಿದರೆ ಮಗು ಬೆನ್ನುಹುರಿಯ ದೋಷದೊಂದಿಗೆ ಹುಟ್ಟುತ್ತದೆ. ಮೇಲ್ಗಡೆ ತೆರೆದರೆ ತಲೆಬುರುಡೆ, ಮೆದುಳು ಬೆಳೆಯುವುದಿಲ್ಲ, ಅಂಥ ಮಗು ಉಳಿಯುವುದಿಲ್ಲ. ಇದು ದೂರದ ದೇಶದ ಸಮಸ್ಯೆಯಲ್ಲ. ನಮ್ಮ ನೆರೆಯ ದಾವಣಗೆರೆಯ ವೈದ್ಯರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರ ಹೆರಿಗೆಗಳಿಗೆ 11ಕ್ಕಿಂತ ಹೆಚ್ಚು ಇಂಥ ಪ್ರಕರಣಗಳು ಕಂಡಿದ್ದವು.

ಎರಡೇ ವರ್ಷಕ್ಕೆ, 1991ರಲ್ಲಿ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಹಿಂದೆ ಇಂಥ ಮಗುವನ್ನು ಹೆತ್ತಿದ್ದ ತಾಯಂದಿರು ಗರ್ಭ ಧರಿಸುವ ಮೊದಲಿನಿಂದಲೇ ಫೋಲಿಕ್ ಆಮ್ಲ ತೆಗೆದುಕೊಂಡಾಗ ಅದೇ ದೋಷ ಮರುಕಳಿಸುವುದು ಶೇ 72ರಷ್ಟು ಕಡಿಮೆಯಾಗಿತ್ತು.

ಹಾಗಾಗಿ ಮಗು ಬೇಕೆಂದು ಯೋಚಿಸುವಾಗಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಗುಳಿಗೆ ಶುರುಮಾಡಿ, ಮೊದಲ ಮೂರು ತಿಂಗಳು ಮುಂದುವರಿಸಬೇಕು. ತಡವಾಗಿ ಗೊತ್ತಾದರೂ ಅಂದಿನಿಂದಲೇ ತೆಗೆದುಕೊಳ್ಳಿ. ಹಿಂದೆ ಇಂಥ ಮಗು ಹುಟ್ಟಿದ್ದರೆ ಅಥವಾ ಫಿಟ್ಸ್ ಗುಳಿಗೆ ನಡೆಯುತ್ತಿದ್ದರೆ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಫಿಟ್ಸ್, ಥೈರಾಯ್ಡ್, ಸಕ್ಕರೆ, ಬಿಪಿ ಗುಳಿಗೆಗಳನ್ನು ನೀವಾಗಿ ನಿಲ್ಲಿಸಬೇಡಿ.

ಊಟದಿಂದಲೇ ಸಾಕಾಗುವುದಿಲ್ಲವೇ?

ಮೆಂತ್ಯಪಲ್ಯ, ಹೆಸರುಕಾಳು, ಕಡಲೆ, ಶೇಂಗಾ ಎಲ್ಲದರಲ್ಲೂ ಫೋಲೇಟ್ ಇದೆ. ಆದರೆ ಬೇಯಿಸುವಾಗ ಒಂದಷ್ಟು ಹೋಗುತ್ತದೆ, ಉಳಿದದ್ದನ್ನೂ ದೇಹ ಪೂರ್ತಿ ಹೀರಿಕೊಳ್ಳುವುದಿಲ್ಲ. ರೊಟ್ಟಿ, ಕಾಳು, ಪಲ್ಯದ ಊಟ ಬೇಕೇ ಬೇಕು, ಗುಳಿಗೆಯೂ ಬೇಕು.

ಕಬ್ಬಿಣದ ಗುಳಿಗೆ ನಾಲ್ಕನೆಯ ತಿಂಗಳಿಂದ ಶುರುವಾಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಗುಳಿಗೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂಬುದು ಸುಳ್ಳು. ಕಪ್ಪಾಗುವುದು ತಾಯಿಯ ಮಲ ಮಾತ್ರ, ಅದರಿಂದ ತೊಂದರೆಯಿಲ್ಲ. ಗುಳಿಗೆಯ ಜೊತೆ ಚಹಾ ಕುಡಿಯಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಮಣ್ಣು, ಬಳಪ ತಿನ್ನಬೇಕೆನಿಸಿದರೆ ಬಯಕೆ ಎಂದು ಬಿಡದೆ ರಕ್ತ ಪರೀಕ್ಷೆ ಮಾಡಿಸಿ. ಅದು ರಕ್ತ ಕಡಿಮೆಯಿರುವ ಸೂಚನೆಯಾಗಿರಬಹುದು.

ಊರಿಗೆಲ್ಲ ಬೇಡ, ನಾಲ್ಕು ಜನರಿಗೆ ಸಾಕು

ಓಣಿಗೆಲ್ಲ ಹೇಳಬೇಕೋ ಬೇಡವೋ ಎಂಬುದು ನಿಮ್ಮ ಇಷ್ಟ. ಆದರೆ ಈ ನಾಲ್ವರಿಗೆ ಮೊದಲ ವಾರದಲ್ಲೇ ಗೊತ್ತಾಗಲಿ.

ಗಂಡ: ನೀರಿನ ಕೊಡ, ಭಾರದ ಚೀಲ ಅವರ ಪಾಲಿಗೆ ಬರಲಿ. ಮನೆಯೊಳಗೆ ಬೀಡಿ, ಸಿಗರೇಟು ಸೇದುವುದು ನಿಲ್ಲಲಿ. ಹತ್ತಿಗೆ, ಮೆಣಸಿನಗಿಡಕ್ಕೆ ಎಣ್ಣೆ ಹೊಡೆಯುವಾಗ ನೀವು ಆ ಹೊಲದಲ್ಲಿರಬಾರದು. ಹೊಡೆದ ಬಟ್ಟೆಯನ್ನು ನೀವು ಒಗೆಯಬಾರದು.

ಅತ್ತೆ ಅಥವಾ ತಾಯಿ: ವಾಕರಿಕೆಯ ದಿನಗಳಲ್ಲಿ ಎರಡು ಹೊತ್ತು ಹೊಟ್ಟೆತುಂಬ ಉಣ್ಣುವುದಕ್ಕಿಂತ ಆರು ಸಲ ಸ್ವಲ್ಪ ಸ್ವಲ್ಪ ತಿನ್ನುವುದು ಲೇಸು. ಬೆಳಿಗ್ಗೆ ಏಳುವ ಮೊದಲು ಒಂದು ಹಿಡಿ ಚುರುಮುರಿ ಅಥವಾ ಒಂದು ತುಂಡು ಒಣರೊಟ್ಟಿ ತಿನ್ನಿ. ಒಲೆಯ ಮುಂದಿನ ವಾಸನೆಗೆ ಸಂಕಟವಾದರೆ ಅಡುಗೆ ಬೇರೆಯವರು ಮಾಡಲಿ. ಅದು ಸೋಮಾರಿತನವಲ್ಲ.

ಆಶಾ ಕಾರ್ಯಕರ್ತೆ: ಅವರ ಬಳಿ ಮೂತ್ರ ಪರೀಕ್ಷೆಯ ‘ನಿಶ್ಚಯ’ ಕಿಟ್ ಉಚಿತವಾಗಿ ಸಿಗುತ್ತದೆ. ತಾಯಿ ಕಾರ್ಡ್ ಮಾಡಿಸಲು, ಅಂಗನವಾಡಿಯಲ್ಲಿ ಹೆಸರು ಬರೆಸಲು ಅವರೇ ದಾರಿ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯ ಮಧ್ಯಾಹ್ನದ ಬಿಸಿಯೂಟ ಗರ್ಭಿಣಿಯರಿಗಾಗಿಯೇ ಇದೆ.

ವೈದ್ಯರು: ಮೊದಲ ಭೇಟಿಯಲ್ಲೇ ರಕ್ತದ ಗುಂಪು, ಹಿಮೋಗ್ಲೋಬಿನ್, ಬಿಪಿ, ಸಕ್ಕರೆ, ಮೂತ್ರ ನೋಡುತ್ತಾರೆ. ಔಷಧಿ ಅಂಗಡಿಯವರನ್ನು ಕೇಳಿ ಗುಳಿಗೆ ತಂದು ನುಂಗುವುದು ಈ ದಿನಗಳಲ್ಲಿ ಬೇಡ.

ತಡಮಾಡಬಾರದ ಲಕ್ಷಣಗಳು

ರಕ್ತ ಕಾಣಿಸಿಕೊಂಡರೆ, ಕೆಳಹೊಟ್ಟೆಯಲ್ಲಿ ಅದರಲ್ಲೂ ಒಂದೇ ಕಡೆ ತೀವ್ರ ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದರೆ, ಜ್ವರ ಅಥವಾ ಉರಿಮೂತ್ರ ಇದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಒಂದೇ ಕಡೆಯ ನೋವು, ತಲೆಸುತ್ತು ಗರ್ಭ ನಾಳದಲ್ಲಿ ಕಟ್ಟಿರುವುದರ ಲಕ್ಷಣವಾಗಿರಬಹುದು. ಅದು ಪ್ರಾಣಕ್ಕೆ ಅಪಾಯ. 108ಕ್ಕೆ ಫೋನ್ ಮಾಡಿ.

ಇಂಥ ರಾತ್ರಿಯಲ್ಲಿ ಮನೆಯಲ್ಲಿ ಯಾರಿಗೂ ವಿಷಯವೇ ಗೊತ್ತಿಲ್ಲದಿದ್ದರೆ ಹೊಟ್ಟೆನೋವಿಗೆ ಓಮಿನಕಾಳು ಕೊಟ್ಟು ಮಲಗಿಸುತ್ತಾರೆ. ಅದಕ್ಕೇ ಕನಿಷ್ಠ ಈ ನಾಲ್ವರಿಗೆ ಹೇಳಿಡಿ.