ನಿರಾಶ್ರಿತರ ಶಿಬಿರದಲ್ಲಿ ಧ್ರುವ ನಕ್ಷತ್ರ

ಅಲ್ಜೀರಿಯಾದ ಪಶ್ಚಿಮ ತುದಿಯಲ್ಲಿ ಟಿಂಡೂಫ್ ಎಂಬ ಊರಿದೆ. ಅದರ ಸುತ್ತಲಿನ ಕಲ್ಲುಮರುಭೂಮಿಯಲ್ಲಿ ಸಹ್ರಾವಿ ಜನರ ಐದು ನಿರಾಶ್ರಿತರ ಶಿಬಿರಗಳಿವೆ. 1975ರಲ್ಲಿ ಸ್ಪೇನ್ ಪಶ್ಚಿಮ ಸಹಾರಾದಿಂದ ಕಾಲ್ತೆಗೆಯುವ ಹೊತ್ತಿಗೆ ಮೊರಾಕೊ ಒಳನುಗ್ಗಿತು. ಆಗ ಮನೆ ಬಿಟ್ಟು ಬಂದವರು ಇವರು. ವಿಶ್ವಸಂಸ್ಥೆಯ 2018ರ ಅಂದಾಜಿನಂತೆ ಇಲ್ಲಿ 1,73,600 ಮಂದಿ ಇದ್ದರು. ಬಿಟ್ಟುಬಂದ ಊರುಗಳ ಹೆಸರನ್ನೇ ಶಿಬಿರಗಳಿಗೆ ಇಟ್ಟುಕೊಂಡಿದ್ದಾರೆ: ಸ್ಮಾರಾ, ದಾಖ್ಲಾ, ಲಾಯೂನ್. ಇಲ್ಲಿ ಹುಟ್ಟಿದವರಿಗೂ ಈಗ ಮಕ್ಕಳಾಗಿವೆ. ಬೇಸಿಗೆಯಲ್ಲಿ ಬಿಸಿಲು 50 ಡಿಗ್ರಿ ಮುಟ್ಟುತ್ತದೆ. ಧಾರಾಳವಾಗಿ ಸಿಗುವುದೆಂದರೆ ಕಪ್ಪು ಆಕಾಶ.

2009ರ ಅಂತಾರಾಷ್ಟ್ರೀಯ ಖಗೋಳ ವರ್ಷದಲ್ಲಿ ಚಿಲಿ, ಬೊಲಿವಿಯಾ, ಪೆರುಗಳ ಹಳ್ಳಿಶಾಲೆಗಳಿಗೆ ದೂರದರ್ಶಕ ಹೊತ್ತು ಹೋದ ‘ಗೆಲಿಲಿಯೊಮೊಬೈಲ್’ ಎಂಬ ಸ್ವಯಂಸೇವಕರ ತಂಡ 2019ರಲ್ಲಿ ಈ ಶಿಬಿರಗಳಿಗೂ ಬಂತು. ಯೋಜನೆಯ ಹೆಸರು ‘ಅಮನಾರ್’. ಬಿಸಿಲಿನಿಂದ ಪಾರಾಗಲು ಸಹ್ರಾವಿ ಮಕ್ಕಳು ಬೇಸಿಗೆಯಲ್ಲಿ ಸ್ಪೇನಿನ ಕುಟುಂಬಗಳಿಗೆ ಅತಿಥಿಗಳಾಗಿ ಹೋಗುವ ರೂಢಿಯಿದೆ. ಹಾಗೆ ಸ್ಪೇನಿನದೇ ಆದ ಕ್ಯಾನರಿ ದ್ವೀಪಗಳಿಗೆ ಬಂದ ಮಕ್ಕಳಿಗೆ ಅಲ್ಲಿನ ವೀಕ್ಷಣಾಲಯವನ್ನು ತೋರಿಸಿ, ಆಮೇಲೆ ತಂಡವೇ ಶಿಬಿರಕ್ಕೆ ಹೋಯಿತು.

ಹೊಟ್ಟೆಗೆ ಸಾಲದವರಿಗೆ ನಕ್ಷತ್ರ ತೋರಿಸುವುದೇ ಎಂದು ಕೇಳುವವರಿದ್ದಾರೆ. ರೇಷನ್ನಿಗೆ ಕಾಯುವ ಮಗು ಪ್ರಶ್ನೆ ಕೇಳುವುದನ್ನೇನೂ ನಿಲ್ಲಿಸಿರುವುದಿಲ್ಲ ಎಂಬುದಷ್ಟೇ ನನ್ನ ಉತ್ತರ. ಖರ್ಚೂ ಹೆಚ್ಚಿಲ್ಲ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆಯೋ ಸುಮಾರಾಗಿ ಅದೇ ಆ ಊರಿನ ಅಕ್ಷಾಂಶ. ಕಾಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೊಂದು ಕಲ್ಲು ತೂಗುಬಿಟ್ಟರೆ ಉಪಕರಣ ಸಿದ್ಧ. ಅದೂ ಇಲ್ಲವೇ, ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಬೆಂಗಳೂರಿನಲ್ಲಿ ಧ್ರುವ ನಕ್ಷತ್ರ ಒಂದು ಮುಷ್ಟಿಗಿಂತ ತುಸು ಮೇಲೆ, 13 ಡಿಗ್ರಿಯಲ್ಲಿ ಸಿಗುತ್ತದೆ. ಟಿಂಡೂಫಿನಲ್ಲಿ ಮೂರು ಮುಷ್ಟಿಗೆ ಕೊಂಚ ಕಡಿಮೆ. ಕ್ಯಾನರಿಯ ಟೆನೆರಿಫೆ ದ್ವೀಪದಲ್ಲೂ ಹೆಚ್ಚುಕಡಿಮೆ ಅಷ್ಟೇ, ಏಕೆಂದರೆ ಎರಡೂ 28 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿವೆ. ಬೇಸಿಗೆ ಕಳೆದು ಶಿಬಿರಕ್ಕೆ ಮರಳಿದ ಹುಡುಗಿ ಅದೇ ನಕ್ಷತ್ರವನ್ನು ಅದೇ ಎತ್ತರದಲ್ಲಿ ಅಳೆಯಬಲ್ಲಳು.

ಇದೇ ತಂಡ 2017ರಲ್ಲಿ ಸೈಪ್ರಸ್‌ನಲ್ಲಿ ಕೆಲಸ ಮಾಡಿತ್ತು. 1974ರಿಂದ ಆ ದ್ವೀಪ ಇಬ್ಭಾಗವಾಗಿದೆ. ಗ್ರೀಕ್ ಮಾತಾಡುವವರು ದಕ್ಷಿಣಕ್ಕೆ, ಟರ್ಕಿಶ್ ಮಾತಾಡುವವರು ಉತ್ತರಕ್ಕೆ. ನಡುವೆ ವಿಶ್ವಸಂಸ್ಥೆ ಕಾಯುವ 180 ಕಿ.ಮೀ. ಉದ್ದದ ಪಟ್ಟಿ. ರಾಜಧಾನಿ ನಿಕೋಸಿಯಾದ ಒಂದೆಡೆ ಅದರ ಅಗಲ ನಾಲ್ಕು ಮೀಟರೂ ಇಲ್ಲ. ಎರಡೂ ಕಡೆಯ ಮಕ್ಕಳನ್ನು ಒಂದೇ ದೂರದರ್ಶಕದ ಸುತ್ತ ಸೇರಿಸುವುದು ಉದ್ದೇಶವಾಗಿತ್ತು. ‘ಎಲ್ಲರಿಗೂ ಒಂದೇ ಚಂದ್ರ’ ಎಂಬ ಮಾತು ಭಾಷಣದಂತೆ ಕೇಳಿಸುತ್ತದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. ಗಡಿಯ ಆಚೀಚೆ ಒಂದು ಕಿ.ಮೀ. ಅಂತರದಲ್ಲಿ ಇಬ್ಬರು ಮಕ್ಕಳು ನಿಂತಿದ್ದಾರೆ ಎನ್ನೋಣ. ಚಂದ್ರ 3,84,000 ಕಿ.ಮೀ. ದೂರದಲ್ಲಿದೆ. ಅವರಿಬ್ಬರಿಗೂ ಚಂದ್ರ ಕಾಣುವ ಜಾಗದಲ್ಲಿ ಬರುವ ವ್ಯತ್ಯಾಸ, ಹೆಚ್ಚೆಂದರೆ, ಚಂದ್ರಬಿಂಬದ ಅಗಲದ ಮೂರು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಬರಿಗಣ್ಣಿಗೆ ಅದು ಕಾಣುವ ಮಾತೇ ಇಲ್ಲ.

ಇಂಥ ಜಾಗಗಳಲ್ಲಿ ಹುಷಾರಾಗಿರಬೇಕಾದ ಸಂಗತಿಗಳೂ ಇವೆ. ನಕ್ಷತ್ರ ತೋರಿಸಲು ನಾವು ಬಳಸುವ ಹಸಿರು ಲೇಸರ್ ಅನ್ನು ಸೈನಿಕರಿರುವ ಕಡೆ ಆಕಾಶಕ್ಕೆ ಬಿಡುವುದು ಹುಚ್ಚುತನ. ಬಾಂಬಿನ ಸದ್ದು ಕೇಳಿದ ಮಕ್ಕಳೆದುರು ಸೂಪರ್‌ನೋವಾದ ಸ್ಫೋಟದಿಂದ ಪಾಠ ಶುರುಮಾಡುವುದೂ ಬೇಡ. ರಾತ್ರಿ ಸೇರುವುದು ಅಪಾಯವೆನ್ನುವಲ್ಲಿ ಹಗಲಿನ ಸೂರ್ಯನಿದ್ದಾನೆ; ದೂರದರ್ಶಕದಿಂದ ಬಿಳಿಹಾಳೆಯ ಮೇಲೆ ಅವನ ಬಿಂಬ ಬೀಳಿಸಿದರೆ, ಸೂರ್ಯನ ಮೇಲೆ ಕಲೆಗಳಿದ್ದಾಗ ಅವನ್ನು ಹತ್ತು ಮಕ್ಕಳು ಒಟ್ಟಿಗೇ ನೋಡಬಹುದು. ದೂರದರ್ಶಕಕ್ಕೆ ಕಣ್ಣಿಡದಂತೆ ಮಾತ್ರ ಪಕ್ಕದಲ್ಲೇ ಒಬ್ಬರು ನಿಂತಿರಬೇಕು.

ಹೊರಗಿನಿಂದ ಬಂದ ತಂಡ ವಾರ ಕಳೆದರೆ ಹೊರಟುಹೋಗುತ್ತದೆ. ಉಳಿಯುವವರು ಬೇರೆ. ಗಾಜಾದ ಬಾಹ್ಯಾಕಾಶ ವಿಜ್ಞಾನಿ ಸುಲೇಮಾನ್ ಬರಾಕಾ ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದಾಗ, 2008ರ ಕೊನೆಯಲ್ಲಿ ಶುರುವಾದ ಯುದ್ಧದಲ್ಲಿ ಊರಲ್ಲಿದ್ದ ಅವರ ಮಗ ಬಾಂಬ್ ದಾಳಿಗೆ ಬಲಿಯಾದ. ಅವರು ಗಾಜಾಕ್ಕೆ ಮರಳಿ, ದೂರದರ್ಶಕ ತರಿಸಿಕೊಂಡು, ಮಕ್ಕಳಿಗೆ ಆಕಾಶ ತೋರಿಸತೊಡಗಿದರು. ಎಲ್ಲರೂ ಬರಾಕಾ ಆಗಲಾರರು. ಶಾಲೆಯ ಮೇಷ್ಟ್ರಿಗೆ ತರಬೇತಿ ಕೊಟ್ಟು, ಉಪಕರಣವನ್ನು ಅಲ್ಲೇ ಬಿಟ್ಟುಬರುವುದು ಮಾತ್ರ ಯಾವ ತಂಡಕ್ಕಾದರೂ ಸಾಧ್ಯ. ಇಂಥ ಯೋಜನೆಗಳ ವರದಿ ಕೈಗೆ ಬಂದರೆ, ಎಷ್ಟು ಮಕ್ಕಳು ಚಂದ್ರನನ್ನು ನೋಡಿದರು ಎಂಬ ಅಂಕಿ ಆಮೇಲಿರಲಿ; ಎಷ್ಟು ಮೇಷ್ಟ್ರುಗಳಿಗೆ ದೂರದರ್ಶಕ ಜೋಡಿಸಲು ಬರುತ್ತದೆ ಎಂಬುದನ್ನು ಮೊದಲು ಹುಡುಕಿ.