ಅಧ್ಯಾಯ 4: ಫಾರಿನ್ ಸ್ಪ್ಯಾನರ್, ನಮ್ಮ ಸ್ಪ್ಯಾನರ್

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗೆ ಹೋಗಿ 13ರ ಸ್ಪ್ಯಾನರ್ ಕೇಳಿದರೆ ಕೌಂಟರಿನ ಆಚೆಯಿಂದ ಮರುಪ್ರಶ್ನೆ ಬರುತ್ತದೆ: "ಯಾವುದು ಕೊಡ್ಲಿ ಸಾರ್? ಲೋಕಲ್ಲಾ, ಕಂಪನೀದಾ, ಇಂಪೋರ್ಟೆಡ್ಡಾ?" ಮೂರರ ಬೆಲೆಗೂ ಅಜಗಜಾಂತರ. ಗ್ಯಾರೇಜಿನಲ್ಲಿ ಕೆಲಸ ಕಲಿತು ಸ್ವಂತ ಶೆಡ್ ಹಾಕಲು ಹೊರಟ ಹುಡುಗ ಅಲ್ಲಿಯೇ ತಡವರಿಸುತ್ತಾನೆ. ದುಬಾರಿಯಾದರೂ ಇಂಪೋರ್ಟೆಡ್ ಕೊಂಡರೆ ಒಳ್ಳೆಯದು ಎಂದು ಒಬ್ಬರು ಹೇಳಿರುತ್ತಾರೆ. ನಮ್ಮ ದೇಶದ್ದೇ ಗಟ್ಟಿ, ಉಳಿದಿದ್ದೆಲ್ಲ ಬರೀ ಹೊಳಪು ಎಂದು ಇನ್ನೊಬ್ಬರು.

ಇಬ್ಬರ ಮಾತಿನಲ್ಲೂ ತೊಡಕಿದೆ. ಜರ್ಮನಿಯಲ್ಲಿ ತಯಾರಾಗಿ ಸಾವಿರಗಟ್ಟಲೆ ಬೆಲೆ ಬಾಳುವ ಪ್ಲೈಯರ್ ಇಂಪೋರ್ಟೆಡ್. ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಲವತ್ತಾರು ಪೀಸು ಜೋಡಿಸಿ ಫುಟ್‌ಪಾತಿನಲ್ಲಿ ಮಾರುವ ಸಾಕೆಟ್ ಸೆಟ್ ಕೂಡ ಇಂಪೋರ್ಟೆಡ್. ಹಾಗೆಯೇ ನಾಸಿಕ್‌ನ ದೊಡ್ಡ ಕಾರ್ಖಾನೆಯಿಂದ ಬಂದದ್ದೂ, ಹೆಸರೇ ಇಲ್ಲದ ಶೆಡ್ಡಿನಲ್ಲಿ ತಗಡು ಕತ್ತರಿಸಿ ಮಾಡಿದ್ದೂ ದೇಶೀಯವೇ. ದೇಶದ ಹೆಸರಿನಿಂದ ತೂಗಲು ಹೊರಟರೆ ಲೆಕ್ಕ ತಪ್ಪುವುದು ಇಲ್ಲಿ. ಹಾಗಾದರೆ ಯಾವುದರಿಂದ ತೂಗಬೇಕು?

ಸ್ಪ್ಯಾನರಿನ ಬಾಯಿಯಿಂದಲೇ ಶುರು ಮಾಡೋಣ. ತುಕ್ಕು ಹಿಡಿದ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಬಲವಾಗಿ ಎಳೆಯುತ್ತೀರಿ. ಬೋಲ್ಟು ಸಡಿಲವಾಗುವ ಬದಲು ಸ್ಪ್ಯಾನರ್ ಜಾರುತ್ತದೆ, ಬೆರಳಿನ ಗೆಣ್ಣು ಚಾಸಿಗೆ ಬಡಿಯುತ್ತದೆ, ಬೋಲ್ಟಿನ ಆರು ಮೂಲೆಗಳು ಸವೆದು ದುಂಡಗಾಗುತ್ತವೆ. ಆಮೇಲೆ ಆ ಬೋಲ್ಟನ್ನು ವೆಲ್ಡಿಂಗ್ ಮಾಡಿಯೋ ಉಳಿಯಲ್ಲಿ ಹೊಡೆದೋ ತೆಗೆಯಬೇಕು. ಇಷ್ಟಕ್ಕೆಲ್ಲ ಕಾರಣ ಒಂದು ಮಿಲಿಮೀಟರಿನ ಸಣ್ಣ ಪಾಲು. 13ರ ಸ್ಪ್ಯಾನರಿನ ಬಾಯಿ ಕರಾರುವಾಕ್ಕಾಗಿ 13 ಮಿ.ಮೀ. ಇದ್ದರೆ ಬೋಲ್ಟಿನ ಮೇಲೆ ಕೂರುವುದೇ ಇಲ್ಲ. ಒಂದಿಷ್ಟು ಹೆಚ್ಚೇ ಇರಬೇಕು. ಆದರೆ ಆ ಹೆಚ್ಚಳ ಕಾಲು ಮಿ.ಮೀ. ದಾಟಬಾರದು. ದಾಟಿದರೆ ಬೋಲ್ಟಿನ ಸಪಾಟು ಮೈಯನ್ನು ಹಿಡಿಯಬೇಕಾದ ಬಾಯಿ ಬರೀ ಮೂಲೆಗಳನ್ನು ಹಿಡಿಯುತ್ತದೆ. ಅಳತೆ ಸರಿಯಿದ್ದೂ ಉಕ್ಕು ಮೆತ್ತಗಿದ್ದರೆ ಎಳೆದಾಗ ಬಾಯಿ ಅಗಲಗೊಂಡು ಕೊನೆಗೆ ಅದೇ ಗತಿ. ಒಳ್ಳೆಯ ಸ್ಪ್ಯಾನರ್ ಎಂದರೆ ಈ ಎರಡೂ ಸರಿಯಿರುವುದು.

ಎರಡನೆಯದು, ಅಂದರೆ ಉಕ್ಕಿನ ಗುಣ, ಕಣ್ಣಿಗೆ ಕಾಣುವುದಿಲ್ಲ. ಹೆಚ್ಚಿನ ಸ್ಪ್ಯಾನರುಗಳ ಮೈಮೇಲೆ 'ಕ್ರೋಮ್ ವೆನೇಡಿಯಂ' ಎಂಬ ಅಚ್ಚಿರುತ್ತದೆ. ಕ್ರೋಮಿಯಂ ಉಕ್ಕನ್ನು ಆಳದವರೆಗೂ ಗಡಸಾಗಿಸುತ್ತದೆ. ಶೇಕಡಾ ಒಂದರ ಸಣ್ಣ ಭಾಗದಷ್ಟು ಸೇರಿಸುವ ವೆನೇಡಿಯಂ ಉಕ್ಕಿನ ಒಳಗಿನ ಹರಳುಗಳನ್ನು ಸಣ್ಣದಾಗಿಟ್ಟು ಬಿರುಕು ಬಿಡದಂತೆ ಕಾಯುತ್ತದೆ. ಆದರೆ ಅಚ್ಚು ಯಾರು ಬೇಕಾದರೂ ಹಾಕಬಹುದು. ಉಕ್ಕು ನಿಜಕ್ಕೂ ಒಳ್ಳೆಯದೇ ಆಗಿದ್ದರೂ ಕೆಲಸ ಮುಗಿಯುವುದಿಲ್ಲ. ಕೆಂಪಗೆ ಕಾದ ತುಂಡನ್ನು ಅಚ್ಚಿನಲ್ಲಿಟ್ಟು ಭಾರೀ ಹ್ಯಾಮರಿನಿಂದ ಬಡಿದು ಆಕಾರ ಕೊಡುತ್ತಾರೆ; ಇದೇ ಡ್ರಾಪ್ ಫೋರ್ಜಿಂಗ್. ಬಡಿದಾಗ ಲೋಹದ ಎಳೆಗಳು ಸ್ಪ್ಯಾನರಿನ ಆಕಾರಕ್ಕೇ ಬಾಗಿ ಹರಿಯುತ್ತವೆ, ಹಾಗಾಗಿ ಬಾಯಿಯ ತಿರುವಿನಲ್ಲಿ ಸುಲಭಕ್ಕೆ ಮುರಿಯುವುದಿಲ್ಲ. ತಗಡಿನಿಂದ ಕತ್ತರಿಸಿದ ಸ್ಪ್ಯಾನರಿಗೆ ಈ ಬಲವಿಲ್ಲ. ನಂತರ ಮತ್ತೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಇನ್ನೊಮ್ಮೆ ಹಿತವಾಗಿ ಕಾಯಿಸಿ ಹದಕ್ಕೆ ತರಬೇಕು. ಬೆಲ್ಲದ ಪಾಕವಿದ್ದಂತೆ ಇದು: ಒಂದು ಎಳೆ ಹೆಚ್ಚಾದರೆ ಕಲ್ಲು, ಕಡಿಮೆಯಾದರೆ ಅಂಟು. ಹೆಚ್ಚು ಗಡಸಾದ ಸ್ಪ್ಯಾನರ್ ಎಳೆತಕ್ಕೆ ಪಟ್ಟನೆ ಮುರಿಯುತ್ತದೆ, ಮೆತ್ತಗಿನದು ಬಾಯಿ ಬಿಡುತ್ತದೆ. ಗಡಸುತನವನ್ನು ರಾಕ್‌ವೆಲ್ 'ಸಿ' ಮಾಪಕದಲ್ಲಿ ಅಳೆದರೆ ಸ್ಪ್ಯಾನರಿಗೆ ನಲವತ್ತರ ಆಚೀಚೆ ಸಾಕು. ಪ್ಲೈಯರಿನ ತಂತಿ ಕತ್ತರಿಸುವ ಅಂಚಿಗೆ ಅರವತ್ತರ ಆಸುಪಾಸು ಬೇಕು. ಹಾಗಾಗಿ ಪ್ಲೈಯರಿನ ಅಂಚನ್ನು ಮಾತ್ರ ಪ್ರತ್ಯೇಕವಾಗಿ ಕಾಯಿಸಿ ಗಡಸುಗೊಳಿಸುತ್ತಾರೆ.

ನನ್ನ ಮಟ್ಟಿಗೆ ಬೆಲೆಯ ಗುಟ್ಟು ಅಡಗಿರುವುದು ಇಲ್ಲೇ. ಒಂದು ಸ್ಪ್ಯಾನರನ್ನು ಚೆನ್ನಾಗಿ ಹದ ಮಾಡುವುದು ಲೂಧಿಯಾನದ ಸಣ್ಣ ಕಾರ್ಖಾನೆಗೂ ಕಷ್ಟವಲ್ಲ. ಮೊದಲನೆಯದು ಹೇಗಿತ್ತೋ ಸಾವಿರದನೆಯದೂ ಹಾಗೆಯೇ ಇರುವಂತೆ ನೋಡಿಕೊಳ್ಳುವುದು ಕಷ್ಟ. ಅದಕ್ಕೆ ಕುಲುಮೆಯ ಉಷ್ಣವನ್ನು ಬಿಗಿಯಾಗಿ ಹಿಡಿಯಬೇಕು, ಪ್ರತಿ ಕಂತಿನ ಮಾಲನ್ನೂ ಪರೀಕ್ಷಿಸಬೇಕು, ಕೆಟ್ಟದ್ದನ್ನು ಮುಲಾಜಿಲ್ಲದೆ ಗುಜರಿಗೆ ಎಸೆಯಬೇಕು. ದುಬಾರಿ ವಿದೇಶಿ ಉಪಕರಣಕ್ಕೆ ನಾವು ತೆರುವ ಹಣದಲ್ಲಿ ದೊಡ್ಡ ಪಾಲು ಈ ಸಮಾನತೆಗೇ ಸಲ್ಲುತ್ತದೆ. ನಮ್ಮ ಕೆಳದರ್ಜೆಯ ಮಾಲಿನ ಮೇಲೆ ಮೆಕ್ಯಾನಿಕ್‌ಗಳಿಗಿರುವ ಸಿಟ್ಟೂ ಇದೇ ಕಾರಣಕ್ಕೆ. ಹತ್ತರಲ್ಲಿ ಎಂಟು ಚೆನ್ನಾಗಿರುತ್ತವೆ, ಎರಡು ಕೈಕೊಡುತ್ತವೆ, ಯಾವ ಎರಡು ಎಂಬುದು ಗೊತ್ತಿರುವುದಿಲ್ಲ.

ಹಾಗೆಂದು ಈ ಗುಣ ಯಾವ ದೇಶದ ರಕ್ತದಲ್ಲೂ ಬಂದದ್ದಲ್ಲ. ಇವತ್ತು ಉಪಕರಣವೆಂದರೆ ಜರ್ಮನಿ ಎನ್ನುತ್ತೇವೆ. ಆದರೆ 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ವಿಶ್ವ ಪ್ರದರ್ಶನಕ್ಕೆ ಹೋಗಿದ್ದ ಜರ್ಮನಿಯ ಎಂಜಿನಿಯರ್ ಫ್ರಾನ್ಸ್ ರೂಲೊ ತನ್ನದೇ ದೇಶದ ಸರಕನ್ನು ಅಗ್ಗ ಮತ್ತು ಕಳಪೆ ಎಂದು ಬಹಿರಂಗವಾಗಿ ಜರೆದಿದ್ದ. ಆಗ ಕತ್ತಿ, ಚಾಕು, ಅರಗಳಿಗೆ ಇಂಗ್ಲೆಂಡಿನ ಶೆಫೀಲ್ಡ್ ಹೆಸರುವಾಸಿ. ಜರ್ಮನಿಯ ಅಗ್ಗದ ಸರಕು ಶೆಫೀಲ್ಡಿನ ಹೆಸರನ್ನೇ ಹೊತ್ತು ಮಾರಾಟವಾಗುತ್ತಿತ್ತು. ಅದನ್ನು ತಡೆಯಲು ಬ್ರಿಟನ್ 1887ರಲ್ಲಿ ಸರಕು ಗುರುತು ಕಾಯ್ದೆ ತಂದಿತು. ಹೊರಗಿನ ಮಾಲಿನ ಮೇಲೆ ಹುಟ್ಟಿದ ದೇಶದ ಹೆಸರು ಬೀಳುವಂತಾಯಿತು. ಗಿರಾಕಿಯನ್ನು ಎಚ್ಚರಿಸಲೆಂದು ಬಂದ 'ಮೇಡ್ ಇನ್ ಜರ್ಮನಿ' ಎಂಬ ಅಚ್ಚೇ ಮುಂದಿನ ಕೆಲವು ದಶಕಗಳಲ್ಲಿ ಗುಣಮಟ್ಟದ ಮುದ್ರೆಯಾಯಿತು. ಸೋಲಿಂಗೆನ್, ರೆಮ್‌ಶೈಡ್ ಊರುಗಳ ಕಾರ್ಖಾನೆಗಳು ದುಡಿದು ಗಳಿಸಿದ ಹೆಸರದು. ಎರಡನೇ ಮಹಾಯುದ್ಧದ ನಂತರ ಜಪಾನು, ಆಮೇಲೆ ತೈವಾನು ಇದೇ ಹಾದಿ ಸವೆಸಿದವು.

ನಮ್ಮ ಕತೆಯೂ ಹೊರಗಿನಿಂದ ಕಲಿತು ಬೆಳೆದದ್ದೇ. ತಪಾರಿಯಾ ಕಂಪನಿ 1969ರಲ್ಲಿ ಸ್ವೀಡನ್ನಿನ ಕಂಪನಿಯೊಂದರ ತಾಂತ್ರಿಕ ನೆರವಿನಿಂದ ಉಪಕರಣ ತಯಾರಿಕೆಗೆ ಇಳಿಯಿತು. ಇವತ್ತು ಕರ್ನಾಟಕದ ಯಾವ ಎಲೆಕ್ಟ್ರಿಷಿಯನ್ನರ ಚೀಲ ಬಿಚ್ಚಿದರೂ ಅದರ ಪ್ಲೈಯರೋ ಟೆಸ್ಟರೋ ಸಿಗುವ ಸಾಧ್ಯತೆ ಹೆಚ್ಚು. ಫರೀದಾಬಾದಿನ ಝಲಾನಿಯವರು ಜರ್ಮನಿಯ ಗೆಡೋರೆ ಹೆಸರಿನಲ್ಲಿ ಮಾಡಿದ ಸ್ಪ್ಯಾನರುಗಳನ್ನು ಹಳೆಯ ಮೆಕ್ಯಾನಿಕ್‌ಗಳು ಇಂದಿಗೂ ನೆನೆಯುತ್ತಾರೆ. ಪಂಜಾಬಿನ ಜಲಂಧರ್, ಲೂಧಿಯಾನ ಮತ್ತು ರಾಜಸ್ಥಾನದ ನಾಗೌರ್ ಈ ಉದ್ಯಮದ ತವರುಗಳು. ಜಲಂಧರಿನಲ್ಲಿ ಕೈ ಉಪಕರಣಗಳಿಗೆಂದೇ 1983ರಲ್ಲಿ ಕೇಂದ್ರೀಯ ಸಂಸ್ಥೆಯೊಂದು ಹುಟ್ಟಿತು. ಆಗ ಆಮದಿನ ಮೇಲೆ ಬಿಗಿ ಕಟ್ಟುಪಾಡಿತ್ತು. ವಿದೇಶಿ ಟೂಲ್ಸ್ ಬೇಕೆಂದರೆ ಗಲ್ಫಿನಿಂದ ರಜೆಗೆ ಬರುವ ನೆಂಟರ ಪೆಟ್ಟಿಗೆಯೇ ಗತಿ. ಬಂದದ್ದು ಅಪರೂಪಕ್ಕೆ, ಬಂದದ್ದು ಆಯ್ದ ಮಾಲು. 'ಫಾರಿನ್ ಎಂದರೆ ಒಳ್ಳೆಯದು' ಎಂಬ ನಂಬಿಕೆ ಬೇರುಬಿಟ್ಟದ್ದು ಆ ಕಾಲದಲ್ಲಿ. 2001ರಲ್ಲಿ ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳ ಕೊನೆಯ ಕಂತನ್ನೂ ಸರ್ಕಾರ ತೆಗೆಯಿತು. ಅಂದಿನಿಂದ ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ಒಳಬಂದಿವೆ, ನಂಬಿಕೆ ಮಾತ್ರ ಹಳೆಯದೇ ಉಳಿದಿದೆ.

ಈಗ ಯಾವುದರಲ್ಲಿ ನಾವು ಮುಂದು, ಯಾವುದರಲ್ಲಿ ಹಿಂದು? ಅರದ ವಿಷಯದಲ್ಲಿ ಅನುಮಾನವೇ ಬೇಡ. ಜೆ.ಕೆ. ಫೈಲ್ಸ್ ಜಗತ್ತಿನ ಅತಿ ದೊಡ್ಡ ಉಕ್ಕಿನ ಅರ ತಯಾರಕರ ಸಾಲಿನಲ್ಲಿದೆ. ಅದರ ಕಾರ್ಖಾನೆಗಳು ಮಹಾರಾಷ್ಟ್ರದ ರತ್ನಾಗಿರಿ, ಚಿಪ್ಳೂಣಗಳಲ್ಲಿವೆ. ಸಾಮಾನ್ಯ ಫಿಟ್ಟಿಂಗ್ ಕೆಲಸಕ್ಕೆ ಹೊರದೇಶದ ಅರ ಹುಡುಕಿಕೊಂಡು ಹೋಗುವ ಅಗತ್ಯ ನನಗೆ ಕಾಣುವುದಿಲ್ಲ. ಫೋರ್ಜಿಂಗಿನಿಂದಲೇ ಆಗುವ ಸಾಮಾನುಗಳಲ್ಲೂ ಹೀಗೆಯೇ: ಸ್ಪ್ಯಾನರ್, ಪೈಪ್ ರೆಂಚ್, ಸುತ್ತಿಗೆ, ಹಾರೆ. ಹೆಸರಾಂತ ಭಾರತೀಯ ಕಂಪನಿಗಳ ಇಂಥ ಮಾಲು ದಿನನಿತ್ಯದ ಗ್ಯಾರೇಜ್ ಕೆಲಸಕ್ಕೆ ಧಾರಾಳವಾಗಿ ಸಾಕು. ಯುರೋಪಿನದು ಇನ್ನಷ್ಟು ನಯ, ಇನ್ನಷ್ಟು ತೆಳು, ಕೈಗೆ ಇನ್ನಷ್ಟು ಹಿತ ನಿಜ. ಆದರೆ ಬೆಲೆಯಲ್ಲಿರುವಷ್ಟು ಅಂತರ ಕೆಲಸದಲ್ಲಿ ಇಲ್ಲ.

ಸೂಕ್ಷ್ಮ ಜೋಡಣೆ ಬೇಕಾದ ಕಡೆ ಚಿತ್ರ ಬದಲಾಗುತ್ತದೆ. ರ‍್ಯಾಚೆಟ್ ಹಿಡಿಕೆಯ ಒಳಗೆ 72 ಹಲ್ಲಿದ್ದರೆ ಐದೈದು ಡಿಗ್ರಿಗೆ ಒಮ್ಮೆ ಹಿಡಿಯುತ್ತದೆ, ಕಿರಿದಾದ ಎಂಜಿನ್ ಸಂದಿಯಲ್ಲಿ ಕೈ ಆಡಿಸಲು ಅದೇ ವರ. ಅಷ್ಟು ಸಣ್ಣ ಹಲ್ಲುಗಳು ಒತ್ತಡಕ್ಕೆ ಸಿಡಿಯದಂತೆ ಮಾಡುವುದರಲ್ಲಿ ತೈವಾನಿನವರು ಪಳಗಿದ್ದಾರೆ. ಎಲೆಕ್ಟ್ರಾನಿಕ್ಸ್ ಕೆಲಸದ ಸಣ್ಣ ಕಟ್ಟರುಗಳಲ್ಲಿ ಜರ್ಮನಿ, ಜಪಾನಿನದೇ ಮೇಲುಗೈ. ಟಾರ್ಕ್ ರೆಂಚಿನ ವಿಷಯ ಬೇರೆ. ಎಲ್ಲಿಯದೇ ಕೊಂಡರೂ ಪರೀಕ್ಷಾ ಪ್ರಮಾಣಪತ್ರ ಕೇಳಿ ಪಡೆಯಬೇಕು; ವರ್ಷಕ್ಕೊಮ್ಮೆ ಅಥವಾ ಐದು ಸಾವಿರ ಬಾರಿ ಬಳಸಿದ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು. ಇಲ್ಲವಾದರೆ ಯಾವ ದೇಶದ್ದಾದರೂ ಅದು ಹೇಳುವ ಅಂಕಿಯನ್ನು ನಂಬುವಂತಿಲ್ಲ.

ಒಂದು ಸಣ್ಣ ಸಂಗತಿಯನ್ನು ಮೆಕ್ಯಾನಿಕ್ ಹುಡುಗರಿಗೆ ಹೇಳಲೇಬೇಕು. ಜಪಾನ್ ಮೂಲದ ಹಳೆಯ ಬೈಕುಗಳ ಎಂಜಿನ್ ಕವರ್, ಕಾರ್ಬುರೇಟರ್‌ಗಳ ಸ್ಟಾರ್ ಸ್ಕ್ರೂಗಳು ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರಿಗೆ ಜಾರಿ ತಲೆ ಹಾಳಾಗುತ್ತವೆ. ಬೈಯುವುದು ಸ್ಕ್ರೂಡ್ರೈವರಿನ ಉಕ್ಕನ್ನು. ತಪ್ಪು ಉಕ್ಕಿನದಲ್ಲ. ಆ ಸ್ಕ್ರೂಗಳ ಕುಳಿ ಜಪಾನಿನ ಜೆ.ಐ.ಎಸ್. ಅಳತೆಯದು, ನಮ್ಮ ಸ್ಕ್ರೂಡ್ರೈವರಿನ ತುದಿ ಫಿಲಿಪ್ಸ್ ಅಳತೆಯದು; ಎರಡೂ ನೋಡಲು ಒಂದೇ ಥರ, ಕೂರುವುದು ಬೇರೆ ಥರ. ಎಷ್ಟೋ ಸ್ಕ್ರೂಗಳ ತಲೆಯ ಮೇಲೆ ಇದರ ಗುರುತಾಗಿ ಒಂದು ಸಣ್ಣ ಚುಕ್ಕೆ ಇರುತ್ತದೆ. ಅಲ್ಲಿ ಜಪಾನಿ ಸ್ಕ್ರೂಡ್ರೈವರ್ ಒಂದು ಇಟ್ಟುಕೊಂಡರೆ ವರ್ಷಗಟ್ಟಲೆ ಗೋಳು ತಪ್ಪುತ್ತದೆ.

ಮಾರುಕಟ್ಟೆಯ ಲೆಕ್ಕ ನೋಡಿದರೆ ನಾವು ಎಲ್ಲಿದ್ದೇವೆ ಎಂಬುದು ತಿಳಿಯುತ್ತದೆ. ನೀತಿ ಆಯೋಗ 2025ರಲ್ಲಿ ಹೊರತಂದ ವರದಿಯ ಪ್ರಕಾರ ಕೈ ಉಪಕರಣಗಳ ಜಾಗತಿಕ ವ್ಯಾಪಾರ ಸುಮಾರು 34 ಬಿಲಿಯನ್ ಡಾಲರ್. ಚೀನಾದ ರಫ್ತು 13 ಬಿಲಿಯನ್, ನಮ್ಮದು 600 ಮಿಲಿಯನ್, ಅಂದರೆ ಶೇ. 1.8ರಷ್ಟು. ಉಕ್ಕಿನ ಬೆಲೆ, ಬಡ್ಡಿ, ಸಾಗಣೆ ಇತ್ಯಾದಿ ಸೇರಿ ಚೀನಾಕ್ಕಿಂತ ನಮ್ಮ ತಯಾರಿಕೆಗೆ ಶೇ. 14ರಿಂದ 17ರಷ್ಟು ಹೆಚ್ಚು ಖರ್ಚು ಬೀಳುತ್ತದೆ ಎಂದೂ ಅದೇ ವರದಿ ಹೇಳುತ್ತದೆ. ಇದರಲ್ಲಿ ನೆಮ್ಮದಿಯ ಸಂಗತಿಯೂ ಇದೆ. ಪಂಜಾಬಿನ ಕಾರ್ಖಾನೆಗಳು ವಿದೇಶಿ ಮಳಿಗೆಗಳಿಗೆ ಅವರದೇ ಹೆಸರು ಹಾಕಿ ಮಾಲು ಮಾಡಿಕೊಡುತ್ತವೆ. ಗಿರಾಕಿ ಬಿಗಿ ಮಾನದಂಡ ಕೇಳಿದರೆ ಕೊಡುವ ಶಕ್ತಿ ಇಲ್ಲಿದೆ ಎಂದಾಯಿತು. ಇಲ್ಲಿನ ಗಿರಾಕಿ ಕೇಳುವುದು ಬೆಲೆಯನ್ನು ಮಾತ್ರ. ಹಾಗಾಗಿ ಇಲ್ಲಿ ಸಿಗುವುದೂ ಆ ಬೆಲೆಯ ಮಾಲೇ. ಈ ಮಾತು ನನಗೆ ನೋವಿನದು, ಏಕೆಂದರೆ ಕೆಟ್ಟ ಉಪಕರಣದ ಪೆಟ್ಟು ಬೀಳುವುದು ದಿನಗೂಲಿಯ ಕೈಗಳ ಮೇಲೆ.

ಅಂಗಡಿಯಲ್ಲಿ ಐದು ನಿಮಿಷ ವ್ಯಯಿಸಿದರೆ ಬಹಳಷ್ಟು ತಿಳಿಯುತ್ತದೆ. ಮೊದಲು ಪೊಟ್ಟಣದ ಹಿಂಬದಿ ಓದಿ. ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಆಮದಾಗಿದ್ದರೆ ಯಾವ ದೇಶದ್ದು ಎಂಬುದನ್ನು ನಮೂದಿಸುವುದು ಕಾನೂನು. ಅಮೆರಿಕದ ಬ್ರ್ಯಾಂಡ್ ಎಂದು ಕೊಂಡದ್ದು ಚೀನಾದಲ್ಲೋ, ಕೆಲವೊಮ್ಮೆ ನಮ್ಮಲ್ಲೇ ತಯಾರಾದದ್ದೋ ಆಗಿರಬಹುದು. ಅದೇನು ದೋಷವಲ್ಲ, ಆದರೆ ಬ್ರ್ಯಾಂಡಿನ ಹೆಸರಿಗೆಂದೇ ಹೆಚ್ಚು ಕೊಡುವ ಮುನ್ನ ಗೊತ್ತಿರಲಿ. ಐ.ಎಸ್.ಐ. ಗುರುತಿದ್ದರೆ ಜೊತೆಗಿರುವ ಅಂಕಿ ನೋಡಿ: ಓಪನ್ ಸ್ಪ್ಯಾನರಿಗೆ ಐ.ಎಸ್. 2028, ರಿಂಗ್ ಸ್ಪ್ಯಾನರಿಗೆ 2029, ಸ್ಕ್ರೂಡ್ರೈವರಿಗೆ 844, ಕಾಂಬಿನೇಷನ್ ಪ್ಲೈಯರಿಗೆ 3650. ಜೇಬಿನಲ್ಲಿ ಒಂದು ಹೊಸ 8 ಎಂ.ಎಂ. ಬೋಲ್ಟು ಇಟ್ಟುಕೊಂಡು ಹೋಗಿ 13ರ ಸ್ಪ್ಯಾನರಿಗೆ ಹಾಕಿ ಅಲುಗಿಸಿ. ಲಟಪಟ ಎಂದರೆ ವಾಪಸ್ ಕೊಡಿ. ಪ್ಲೈಯರನ್ನು ಮುಚ್ಚಿ ಬೆಳಕಿಗೆ ಹಿಡಿಯಿರಿ. ಕತ್ತರಿಸುವ ಅಂಚಿನ ಉದ್ದಕ್ಕೂ ಸಮನಾಗಿ ಕೂಡಿರಬೇಕು. ಒಂದೆಡೆ ಬೆಳಕು ಹಾದರೆ ತೆಳು ತಂತಿ ಕತ್ತರಿಸದೆ ಮಡಚಿಕೊಳ್ಳುತ್ತದೆ. ಹೊಳಪಿಗೆ ಮರುಳಾಗಬೇಡಿ, ಬಾಯಿಯ ಒಳಮೈಯಲ್ಲಿ ಲೇಪನ ಗಂಟುಗಟ್ಟಿದ್ದರೆ ಅದು ಬೇಗ ಸಿಪ್ಪೆ ಏಳುತ್ತದೆ, ಆ ಸಿಪ್ಪೆ ಕೈ ಕೊಯ್ಯುತ್ತದೆ. ಹೆಸರಾಂತ ಕಂಪನಿಗಳ ನಕಲಿಯೂ ಇರುವುದರಿಂದ ಪರಿಚಯದ ಅಂಗಡಿಯಲ್ಲಿ ಬಿಲ್ಲು ಪಡೆದು ಕೊಳ್ಳಿ.

ಹೊಸದಾಗಿ ಶುರುಮಾಡುವವರಿಗೆ ನನ್ನ ಸಲಹೆ ಇಷ್ಟು. ಸ್ಪ್ಯಾನರ್, ಪ್ಲೈಯರ್, ಸುತ್ತಿಗೆ, ಅರಗಳನ್ನು ಒಳ್ಳೆಯ ಭಾರತೀಯ ಕಂಪನಿಯದೇ ಕೊಳ್ಳಿ. ಅದರಲ್ಲಿ ಉಳಿದ ದುಡ್ಡನ್ನು ದಿನಾ ಬಳಸುವ ರ‍್ಯಾಚೆಟ್ಟಿಗೋ ಕಟ್ಟರಿಗೋ ಹಾಕಿ. ನಲವತ್ತಾರು ಪೀಸಿನ ಅಗ್ಗದ ಪೆಟ್ಟಿಗೆಗಿಂತ ಆರೇ ಆರು ಒಳ್ಳೆಯ ಸ್ಪ್ಯಾನರ್ ಮೇಲು.

ವಿದ್ಯುತ್ ಕೆಲಸಕ್ಕೆ ಮಾತ್ರ ಉಳಿತಾಯದ ಮಾತು ಬೇಡ. ಮಾಮೂಲಿ ಪ್ಲೈಯರಿನ ಹಿಡಿಕೆಗೆ ಹಾಕಿದ ಪ್ಲಾಸ್ಟಿಕ್ ತೊಗಲು ಹಿಡಿತಕ್ಕೆಂದು ಇರುವುದು, ಅದು ಜೀವ ಕಾಯುವುದಿಲ್ಲ. ಐ.ಇ.ಸಿ. 60900 ಮಾನದಂಡದ ಉಪಕರಣದ ಮೇಲೆ ಜೋಡಿ ತ್ರಿಕೋನದ ಗುರುತು ಮತ್ತು 1000 ವೋಲ್ಟ್ ಎಂಬ ಬರಹ ಇರುತ್ತದೆ. ಅದನ್ನು 10,000 ವೋಲ್ಟಿನಲ್ಲಿ ಪರೀಕ್ಷಿಸಿ ಮಾರುಕಟ್ಟೆಗೆ ಬಿಡುತ್ತಾರೆ. ಸ್ವದೇಶಿಯೋ ವಿದೇಶಿಯೋ, ಆ ಗುರುತಿರುವುದನ್ನೇ ಕೊಳ್ಳಿ. ನಿಮ್ಮ ಕೈಕೆಳಗೆ ಕೆಲಸ ಮಾಡುವ ಹುಡುಗರಿದ್ದರೆ ಅವರಿಗೂ ಅದನ್ನೇ ಕೊಡಿಸಿ, ಮೇನ್ ಸ್ವಿಚ್ ಆರಿಸಿಯೇ ಕೈಹಾಕಲು ಹೇಳಿ.